ಆನಂದಕುಮಾರನಿಗೊಬ್ಬ ಗೈಡು

ಇಷ್ಟೆಲ್ಲ ಫಜೀತಿಗೆ ಕಾರಣವಾದದ್ದು ಒಂದು ಕುರ್ಚಿ.

ಮಸ್ಕಿಯ ಹಳೆಯ ದವಾಖಾನೆಯ ಹಿಂದೆ ಒಂದು ಕೋಣೆಯಿದೆ. ಅದರಲ್ಲಿ ಇದ್ದದ್ದು ಅದೊಂದೇ ಕುರ್ಚಿ. ಅದರ ಮೂರು ಕಾಲು ಸ್ವಂತದವು, ನಾಲ್ಕನೆಯದು ಇಟ್ಟಿಗೆ. ಮಂಗಳವಾರ ಮತ್ತು ಶುಕ್ರವಾರ ಆನಂದಕುಮಾರ ಆ ಕೋಣೆಯಲ್ಲಿ ಮಾತು ಹೋದವರಿಗೆ ಮಾತು ಕಲಿಸುವ ಕೆಲಸ ಮಾಡುತ್ತಿದ್ದ. ರೋಗಿ ಕುರ್ಚಿಯಲ್ಲಿ ಕೂತರೆ ಅವನು ಔಷಧಿ ಬಂದಿದ್ದ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೂಡುತ್ತಿದ್ದ. ರೋಗಿ ಸ್ವಲ್ಪ ದಪ್ಪಗಿದ್ದರೆ ಇಬ್ಬರೂ ನೆಲದ ಮೇಲೆಯೇ ಕೂಡುತ್ತಿದ್ದರು. ಇಟ್ಟಿಗೆಯ ಮೇಲೆ ಅಷ್ಟೊಂದು ವಿಶ್ವಾಸ ಇಬ್ಬರಿಗೂ ಇರಲಿಲ್ಲ.

ಉಳಿದ ದಿನಗಳಲ್ಲಿ ಅವನು ಸಿಂಧನೂರಿನ ಕಚೇರಿಯಲ್ಲಿರುತ್ತಿದ್ದ, ಗುರುವಾರ ಮಾತ್ರ ಲಿಂಗಸುಗೂರಿನಲ್ಲಿ. ಅವನನ್ನು ನೇಮಿಸಿದ ಸಂಸ್ಥೆಯ ಕಾಗದಗಳಲ್ಲಿ ಅವನು ‘ಸ್ಪೀಚ್ ಥೆರಪಿಸ್ಟ್’. ಜನರ ಬಾಯಲ್ಲಿ ‘ಮಾತಿನ ಡಾಕ್ಟ್ರು’. ಮೂರು ಊರಿಗೂ ಅವನೊಬ್ಬನೇ. ಗಾರೆ ಕೆಲಸದವನಿಗೆ ತಾನು ಕಟ್ಟಿದ ಗೋಡೆ ಸೊಟ್ಟ ಅನಿಸಿದರೆ ಇನ್ನೊಬ್ಬ ಗಾರೆಯವನನ್ನು ಕರೆದು ತೋರಿಸುತ್ತಾನೆ. ಆನಂದಕುಮಾರನಿಗೆ ತೋರಿಸಲು ಯಾರೂ ಇರಲಿಲ್ಲ. ಗೋಡೆ ಸೊಟ್ಟಗಿದೆಯೋ ನೆಟ್ಟಗಿದೆಯೋ, ಮೂರು ವರ್ಷದಿಂದ ಅದರ ನೆರಳಲ್ಲೇ ಅವನು ಊಟ ಮಾಡಬೇಕಾಗಿತ್ತು.

ಅವನು ಸೊಟ್ಟ ಕಟ್ಟಿರಬಹುದು ಎಂದು ಹೆಚ್ಚು ಹೆದರಿದ್ದು ಬೀರಲಿಂಗನ ವಿಷಯದಲ್ಲಿ.

ಬೀರಲಿಂಗ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತೈದು ವರ್ಷ ಕ್ರೂಸರ್ ಗಾಡಿಗಳಿಗೆ ಜನರನ್ನು ಕೂಗಿ ಕರೆದವನು. ಅವನು ಕೂಗಿದರೆ ಸಿಂಧನೂರಿಗೆ ಹೋಗಬೇಕಾದವರೂ ಒಂದು ಕ್ಷಣ ನಿಂತು, ಲಿಂಗಸುಗೂರಿಗೇ ಹೋಗಿಬಿಡೋಣವೇ ಎಂದು ಯೋಚಿಸುತ್ತಿದ್ದರಂತೆ. ಹೋದ ವರ್ಷ ಲಕ್ವಾ ಹೊಡೆಯಿತು. ಬಲಗೈ ಸೋತಿತು, ಮಾತು ಪೂರ್ತಿ ಹೋಯಿತು. ಉಳಿದದ್ದು ಆ ಕೂಗೊಂದೇ. ಸಾವಿರ ಸಲ ಆಡಿದ ರೂಢಿಯ ಮಾತು ತಲೆಯ ಬೇರೆ ಮೂಲೆಯಲ್ಲಿ ಅಡಗಿರುತ್ತದೆ, ಉಳಿದದ್ದೆಲ್ಲ ಸುಟ್ಟರೂ ಅದು ಉಳಿಯಬಹುದು ಎಂದು ಆನಂದಕುಮಾರ ಓದಿದ್ದ. ಆ ಕೂಗಿನ ರಾಗವನ್ನೇ ಹಿಡಿದು, ಅದೇ ರಾಗದಲ್ಲಿ ‘ನೀರು, ನೀರು, ನೀರು ಕೊಡು’ ಎಂದು ಹೇಳಿಸಲು ಒಂಬತ್ತು ತಿಂಗಳಿಂದ ಹೆಣಗುತ್ತಿದ್ದ. ಬೀರಲಿಂಗ ತಲೆಯಾಡಿಸುತ್ತಿದ್ದ, ರಾಗ ಹಿಡಿಯುತ್ತಿದ್ದ, ಬಾಯಿ ತೆರೆಯುತ್ತಿದ್ದ. ಬರುತ್ತಿದ್ದದ್ದು ಮಾತ್ರ, ಲಿಂಗಸುಗೂರನ್ನು ಆ ಕಡೆಯ ಜನ ಕರೆಯುವ ಹಾಗೆ, ‘ಲಿಂಗಸೂರ್’.

ನೀರಡಿಕೆಯಾದರೂ ಲಿಂಗಸೂರ್, ಹಸಿವಾದರೂ ಲಿಂಗಸೂರ್, ಮೊಮ್ಮಗಳು ತೊಡೆ ಏರಿದರೂ ಲಿಂಗಸೂರ್. ಹೆಂಡತಿ ಪಾರ್ವತೆಮ್ಮ ಒಂದು ದಿನ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದ್ದಳು: “ಸರ, ನೀವು ಮಾಡೋದು ಬರೋಬರಿ ಐತಿಲ್ಲರಿ?”

“ಐತ್ರಿ” ಅಂದಿದ್ದ ಆನಂದಕುಮಾರ. ಅಂದಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಹೀಗಿರುವಾಗ ಸಂಸ್ಥೆಯಿಂದ ಒಂದು ಸುತ್ತೋಲೆ ಬಂತು. ಒಂಟಿಯಾಗಿ ಕೆಲಸ ಮಾಡುವ ಥೆರಪಿಸ್ಟರಿಗೆ ವೃತ್ತಿ ಬೆಂಬಲ. ಒಂದು ಜಿಲ್ಲೆಗೆ ಒಬ್ಬರಿಗೆ ಮಾತ್ರ. ಆಯ್ಕೆಯಾದವರಿಗೆ ಒಬ್ಬ ಹಿರಿಯರು ಗೈಡ್ ಆಗುತ್ತಾರೆ. ತಿಂಗಳಿಗೊಮ್ಮೆ ಫೋನಿನಲ್ಲಿ ಕಷ್ಟದ ಕೇಸು ಕೇಳುತ್ತಾರೆ, ಆಗಾಗ ಬಂದು ಪಕ್ಕದಲ್ಲಿ ಕೂತು ತಪ್ಪು ತಿದ್ದುತ್ತಾರೆ. ಭಾನುವಾರ ಬೇರೆ ಊರಿನ ಥೆರಪಿಸ್ಟರ ಜೊತೆ ಮೊಬೈಲಿನಲ್ಲಿ ಸಭೆ. ಕೊನೆಗೆ, ‘ಅಗತ್ಯವಿದ್ದಲ್ಲಿ ಮನಸ್ಸಿನ ಭಾರ ಹೇಳಿಕೊಳ್ಳಲು ಅವಕಾಶ’. ಆ ಕೊನೆಯ ಸಾಲನ್ನು ಆನಂದಕುಮಾರ ಆರು ಸಲ ಓದಿದ. ಅರ್ಜಿ ಹಾಕಿದ, ಜೊತೆಗೆ ಬೀರಲಿಂಗನ ಫೈಲಿನ ಪ್ರತಿ ಇಟ್ಟ. ರಾಯಚೂರಿನಿಂದ ನಾಗವೇಣಿ ಎಂಬ ಹಿರಿಯ ಮೇಡಮ್ ಒಂದು ದಿನ ಬಂದು, ರೋಗಿಯನ್ನು ನೋಡಿ ಫಾರಂ ತುಂಬುತ್ತಾರೆ ಎಂದು ಉತ್ತರ ಬಂತು. ಅವರು ಬರುವ ಮಂಗಳವಾರವೇ ಕೊನೆಯ ದಿನಾಂಕ. ಅಂದು ಫಾರಂ ತುಂಬದಿದ್ದರೆ ಜಾಗ ಬೇರೆ ಜಿಲ್ಲೆಗೆ.

ಆ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ, ಸಿಂಧನೂರಿನ ಕಚೇರಿಯಲ್ಲಿ ಮ್ಯಾನೇಜರ್ ಸಿದ್ದರಾಮ ಅವನನ್ನು ತಡೆದ. ಸಿದ್ದರಾಮನಿಗೆ ಮಾತಿನ ಚಿಕಿತ್ಸೆಯ ಗಂಧವೂ ಇರಲಿಲ್ಲ. ಆದರೆ ಮದುವೆ, ಮುಂಜಿ, ಮಂತ್ರಿಗಳ ಭೇಟಿ ಎಲ್ಲದರಲ್ಲೂ ಅವನು ನಿಂತು ಕೆಲಸ ಮಾಡಿಸಿದ ಮನುಷ್ಯ.

“ಆನಂದಾ, ಮೇಡಮ್ಮನ ಎಲ್ಲಿ ಕುಂದರಸ್ತೀ?”

“ಕುರ್ಚಿ ಐತಲ್ರಿ ಸರ.”

“ಆ ಇಟ್ಟಂಗಿ ಮ್ಯಾಲಿಂದಾ? ಬಿದ್ದು ಸೊಂಟ ಮುರಕೊಂಡ್ರ ನಿನಗ ಯಾವ ಗೈಡು ಬರ್ತಾನ? ಎಲುಬಿನ ಡಾಕ್ಟರು ಬರ್ತಾನ.”

“ಅವ್ರು ಕುರ್ಚಿ ನೋಡಾಕ ಬರಾಕತ್ತಿಲ್ರಿ. ನನ್ನ ಕೆಲಸ ನೋಡಾಕ ಬರಾಕತ್ತಾರ.”

“ಇದಾ ನೋಡು ನಿಮ್ಮ ಹುಡುಗರ ತಪ್ಪು” ಅಂದ ಸಿದ್ದರಾಮ, ಮೂವತ್ತೆರಡು ವರ್ಷದ ಆನಂದಕುಮಾರನ ಬೆನ್ನು ತಟ್ಟುತ್ತ. “ದೊಡ್ಡವ್ರು ಬಂದಾಗ ಮೊದಲ ಕುಂದರಸಬೇಕು. ಕುಂತ ಮ್ಯಾಲ ಕಣ್ಣಿಗೆ ಎಲ್ಲಾ ಚಂದ ಕಾಣ್ತೈತಿ. ನೀ ಹೋಗು, ನಾ ನೋಡ್ಕೋತೀನಿ.”

‘ನಾ ನೋಡ್ಕೋತೀನಿ’ ಎಂಬ ಮಾತು ಸಿದ್ದರಾಮನ ಬಾಯಿಂದ ಬಂದಾಗಲೆಲ್ಲ ಏನಾದರೊಂದು ಆಗುತ್ತಿತ್ತು. ಆದರೆ ಬಸ್ಸಿಗೆ ಹೊತ್ತಾಗಿತ್ತು. ಆನಂದಕುಮಾರ ಓಡಿದ.

ಬಸ್ಸು ಊರು ದಾಟುವ ಮೊದಲೇ ಸಿದ್ದರಾಮ ನೋಡಿಕೊಂಡ. ಲಿಂಗಸುಗೂರಿನ ಕೋಣೆಗೆ ಹೊಸ ಟೈಲ್ಸ್ ಇದೆ, ಫ್ಯಾನಿದೆ, ನಾಲ್ಕೂ ಕಾಲಿರುವ ಎರಡು ಕುರ್ಚಿಗಳಿವೆ. ದಾರಿಯಲ್ಲಿದ್ದ ಮೇಡಮ್ಮಿಗೆ ಫೋನ್ ಮಾಡಿ, “ಮಸ್ಕಿ ಅಲ್ರಿ, ಲಿಂಗಸೂರಿಗೆ ಬರ್ರಿ, ಮಸ್ಕಿಯೊಳಗ ಗಾಡಿ ಬದಲಿ ಮಾಡ್ರಿ” ಎಂದು ಹೇಳಿದ. ಆನಂದಕುಮಾರನಿಗೂ ತಿಳಿಸಬೇಕಲ್ಲ ಎಂದು ಕಚೇರಿಯ ವಾಟ್ಸಾಪ್ ಗುಂಪಿಗೆ ಸಂದೇಶ ಹಾಕಿದ. ಅದರ ಬೆನ್ನಿಗೇ ಮೂವತ್ತೆಂಟು ಶುಭೋದಯಗಳು ಬಂದು ಬಿದ್ದವು. ಗುಲಾಬಿ ಹೂವುಗಳ ಅಡಿಯಲ್ಲಿ ಆ ಸಂದೇಶ ಹೆಣದ ಹಾಗೆ ಮುಚ್ಚಿಹೋಯಿತು.

ಹತ್ತೂವರೆಗೆ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಆನಂದಕುಮಾರ ಬಿಸಿಲಿಗೆ ನಿಂತಿದ್ದ. ಪಕ್ಕದಲ್ಲಿ ಗಡ್ಡ ಬೋಳಿಸಿ, ಬಿಳಿ ಅಂಗಿ ತೊಡಿಸಿ ಕರೆತಂದ ಬೀರಲಿಂಗ. ಅವನ ಸೋತ ಕೈಯನ್ನು ಹಿಡಿದು ಪಾರ್ವತೆಮ್ಮ. ಮೇಡಮ್ಮನ್ನು ಎದುರುಗೊಂಡು ಕೋಣೆಗೆ ಕರೆದೊಯ್ಯಬೇಕು ಎಂಬುದು ಯೋಚನೆ. ಅವರನ್ನು ಇವನು ನೋಡಿರಲಿಲ್ಲ. ಹಿರಿಯರು ಎಂದರೆ ಕಾರಿನಲ್ಲಿ ಬರುತ್ತಾರೆ, ಕೂದಲು ಬೆಳ್ಳಗಿರುತ್ತದೆ ಎಂದು ಅಂದುಕೊಂಡಿದ್ದ.

ಲಕ್ವಾ ಹೊಡೆದ ಮೇಲೆ ಬೀರಲಿಂಗ ಸ್ಟ್ಯಾಂಡಿಗೆ ಕಾಲಿಟ್ಟದ್ದು ಇದೇ ಮೊದಲು. ಅಲ್ಲಿ ಬಾಬುಸಾಬನ ಕ್ರೂಸರ್ ಖಾಲಿ ನಿಂತಿತ್ತು. ಸಿಂಧನೂರಿನ ಬಸ್ಸು ಬಂದು ಜನ ಇಳಿದರು. ಖಾಲಿ ಗಾಡಿ, ಇಳಿದ ಜನ ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದದ್ದೇ ಬೀರಲಿಂಗನ ಬೆನ್ನು ನೆಟ್ಟಗಾಯಿತು.

“ಲಿಂಗಸೂರ್ ಲಿಂಗಸೂರ್ ಲಿಂಗಸೂರ್! ಕುಂತ್ರ ಹೊಂಟಿತು, ಕುಂತ್ರ ಹೊಂಟಿತು!”

ದನಿ ಸ್ಟ್ಯಾಂಡಿನ ತಗಡಿನ ಮಾಡಿಗೆ ಬಡಿದು ವಾಪಸು ಬಂತು. ಚಹಾ ಕುಡಿಯುತ್ತಿದ್ದವರು ಕಪ್ಪು ಇಟ್ಟರು. ಬಾಬುಸಾಬ್ ಗಾಡಿಯಿಂದ ಇಳಿದು ಓಡಿ ಬಂದ.

“ಯಾ ಅಲ್ಲಾ! ಬೀರಣ್ಣಾ, ಬಂದ್ಯಾ? ನೀ ಹೋದಾಗಿಂದ ಈ ಸ್ಟ್ಯಾಂಡು ಮಸಣ ಆಗಿತ್ತಲ್ಲೋ! ಕೂಗು, ಇನ್ನೊಮ್ಮಿ ಕೂಗು!”

“ಬ್ಯಾಡ್ರಿ, ಕೂಗಸಬ್ಯಾಡ್ರಿ, ದಣೀತಾರ” ಎಂದು ಆನಂದಕುಮಾರ ನಡುವೆ ಹೋದ. ಯಾರೂ ಕೇಳಲಿಲ್ಲ. ಮೂರೇ ನಿಮಿಷದಲ್ಲಿ ಗಾಡಿಗೆ ಹದಿಮೂರು ಜನ ತುಂಬಿದರು. ಹದಿನಾಲ್ಕನೆಯವರಾಗಿ, ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಬೆವರು ಒರೆಸಿಕೊಳ್ಳುತ್ತ ಬಂದರು. ಕೈಯಲ್ಲಿ ರೆಕ್ಸಿನ್ ಚೀಲ. ಬೀಜದ ಕಂಪನಿಯವರೋ ಜನಗಣತಿಯವರೋ ಇರಬೇಕು ಎಂದುಕೊಂಡ ಆನಂದಕುಮಾರ.

“ಇದು ಲಿಂಗಸೂರಿಗೆ ಹೋಗ್ತದೇನ್ರಿ?”

“ಸೀದಾ ಹೋಗ್ತೈತ್ರಿ” ಎಂದ ಅವನೇ.

“ಆ ಮನುಷ್ಯಾ ಎಷ್ಟ ಚಂದ ಕರೀತಾನ್ರಿ! ನಾ ಬಸ್ಸಿಗೆ ಹೋಗಾಕಿದ್ದೆ” ಎಂದು ಅವರು ನಕ್ಕರು.

ಒಳಗೆ ಚೀಲಕ್ಕೆ ಜಾಗವಿರಲಿಲ್ಲ. ಆನಂದಕುಮಾರ ಒಳ್ಳೆಯ ಮನುಷ್ಯ. ಚೀಲ ಇಸಿದುಕೊಂಡು ಗಾಡಿಯ ಮೇಲೆ, ಕೋಳಿಬುಟ್ಟಿಯ ಪಕ್ಕದಲ್ಲಿ ಇಟ್ಟು ಹಗ್ಗ ಬಿಗಿದ. ಬಾಗಿಲು ಎರಡು ಸಲ ಹಾಕಿದರೂ ಹತ್ತಲಿಲ್ಲ, ಮೂರನೆಯ ಸಲ ಭುಜ ಕೊಟ್ಟು ತಾನೇ ಮುಚ್ಚಿದ. “ಹುಷಾರಿ ಹೋಗಿ ಬರ್ರಿ” ಎಂದ. “ಭಾಳ ಉಪಕಾರ ಆತ್ರಿ” ಎಂದರು ಅವರು.

ಮೂರು ವರ್ಷದಿಂದ ಕಾಯುತ್ತಿದ್ದ ಬೆಂಬಲ ಹೊಗೆ ಬಿಡುತ್ತ ಲಿಂಗಸುಗೂರಿನ ಕಡೆ ಹೋಯಿತು.

ಹನ್ನೊಂದಾಯಿತು. ಆನಂದಕುಮಾರ ಮೇಡಮ್ಮಿಗೆ ಫೋನ್ ಮಾಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಏಳು ಸಲ ಮಾಡಿದ. ಫೋನು ಚೀಲದಲ್ಲಿತ್ತು, ಚೀಲ ಗಾಡಿಯ ಮೇಲಿತ್ತು. ಅದನ್ನು ಕೇಳಿಸಿಕೊಂಡದ್ದು ಕೋಳಿಗಳು ಮಾತ್ರ. ಹನ್ನೊಂದೂ ಮುಕ್ಕಾಲಿಗೆ ಅವರೇ ಮಾಡಿದರು.

“ನಾ ನಾಗವೇಣಿ ರಿ. ಲಿಂಗಸೂರಿನ ನಿಮ್ಮ ಕೋಣಿ ಮುಂದ ನಿಂತೀನಿ. ಕೀಲಿ ಹಾಕೇದಲ್ರಿ?”

“ಲಿಂಗಸೂರಾ? ಮೇಡಮ್, ನಾ ಮಸ್ಕಿಯಾಗ ನಿಮ್ಮ ಹಾದಿ ಕಾಯಾಕತ್ತೀನ್ರಿ!”

“ನಿಮ್ಮ ಸಿದ್ದರಾಮ ಅನ್ನೋರು ಇಲ್ಲಿಗೆ ಬರಾಕ ಹೇಳಿದ್ರು. ಫೋನ್ ಎತ್ತಾಕ ಆಗಲಿಲ್ರಿ, ಮಸ್ಕಿಯೊಳಗ ಯಾರೋ ಪುಣ್ಯಾತ್ಮ ಚೀಲ ಗಾಡಿ ಮ್ಯಾಲ ಕಟ್ಟಿಬಿಟ್ಟಿದ್ದ.”

ಲಿಂಗಸುಗೂರು ಎಂದು ಕೇಳಿದ ಗಾಬರಿಯಲ್ಲಿ ಆ ಕೊನೆಯ ಮಾತು ಪುಣ್ಯಾತ್ಮನ ಕಿವಿಗೆ ಬೀಳಲಿಲ್ಲ. ಲಿಂಗಸುಗೂರಿನ ಕೀಲಿ ಅವನ ಜೇಬಿನಲ್ಲೇ ಇತ್ತು. “ಅಲ್ಲೇ ಇರ್ರಿ ಮೇಡಮ್, ನಾವಾ ಬರ್ತೀವಿ” ಎಂದು ಬೀರಲಿಂಗನನ್ನೂ ಪಾರ್ವತೆಮ್ಮನನ್ನೂ ಕರೆದುಕೊಂಡು ಸಿಕ್ಕ ಬಸ್ಸು ಹತ್ತಿದ. ಹತ್ತುವಾಗ ಸಿದ್ದರಾಮನಿಗೆ ಫೋನ್ ಮಾಡಿ, ಜೀವನದಲ್ಲಿ ಮೊದಲ ಸಲ ಸ್ವಲ್ಪ ದನಿ ಎತ್ತಿ ಕೇಳಿದ: “ಹಿಂಗ ಮಾಡಬಹುದೇನ್ರಿ ಸರ?”

ಸಿದ್ದರಾಮನಿಗೆ ನೋವಾಯಿತು. ಹುಡುಗನಿಗೆ ಮಸ್ಕಿಯೇ ಬೇಕಿದ್ದರೆ ಮಸ್ಕಿಯಲ್ಲೇ ಆಗಲಿ ಎಂದು ಮತ್ತೆ ನೋಡಿಕೊಂಡ. ಮಸ್ಕಿಯ ಟೆಂಟ್ ಹೌಸಿಗೆ ಹೇಳಿ ಆರು ಕೆಂಪು ಕುರ್ಚಿ ಹಾಕಿಸಿದ. ಮೇಡಮ್ಮಿಗೆ ಫೋನ್ ಮಾಡಿ, “ಬಿಸಲಾಗ ಯಾಕ ನಿಂದರ್ತೀರಿ? ಪೇಷೆಂಟು ಮಸ್ಕಿಯಾಗ ಅದಾನ. ವಾಪಸ್ ಬರ್ರಿ, ಆನಂದಗ ನಾ ಹೇಳ್ತೀನಿ, ಈಗ ಎಲ್ಲಾ ಬಂದೋಬಸ್ತ್ ಆಗೇದ” ಎಂದ.

ನಡುದಾರಿಯಲ್ಲಿ ಎರಡು ಬಸ್ಸುಗಳು ಎದುರಾದವು. ಕುರಿಹಿಂಡು ಅಡ್ಡ ಬಂದದ್ದರಿಂದ ಎರಡೂ ನಿಂತವು. ಆನಂದಕುಮಾರ ಕಿಟಕಿಯಿಂದ ನೋಡಿದರೆ ಎದುರಿನ ಕಿಟಕಿಯಲ್ಲಿ ಆ ರೆಕ್ಸಿನ್ ಚೀಲದ ಹೆಂಗಸು. ಬೆಳಿಗ್ಗೆ ಕಂಡ ಗುರುತಿಗೆ ಅವರು ನಕ್ಕು ಕೈ ಎತ್ತಿದರು. ಇವನೂ ಕೈ ಎತ್ತಿದ. ಬಸ್ಸುಗಳು ಹೊರಟ ಮೇಲೆ ಇವನ ತಲೆಯಲ್ಲಿ ಚೀಲ, ಗಾಡಿ, ಫೋನು ಮೂರೂ ಒಂದಕ್ಕೊಂದು ಕೂಡಿಕೊಂಡವು. “ಮೇಡಮ್!” ಎಂದು ಅವನು ಕಿರುಚಿದ್ದು ಕುರಿಗಳಿಗೆ ಕೇಳಿಸಿರಬೇಕು. ಫೋನ್ ಮಾಡಿದರೆ ಅಲ್ಲಿ ನೆಟ್‌ವರ್ಕ್ ಇರಲಿಲ್ಲ.

ಲಿಂಗಸುಗೂರಿನಲ್ಲಿ ಇಳಿದಾಗ ಒಂದೂವರೆ. ಮಸ್ಕಿಯಲ್ಲೇ ಕಾಯಿರಿ ಎಂದು ಮೇಡಮ್ಮಿಗೆ ಫೋನಿನಲ್ಲಿ ಹೇಳಿ, ಮರಳಿ ಮಸ್ಕಿಗೆ ಬಸ್ಸು ಯಾವುದೆಂದು ವಿಚಾರಿಸಲು ಆನಂದಕುಮಾರ ನಾಲ್ಕು ಹೆಜ್ಜೆ ಆಚೆ ಹೋದ. ಅಷ್ಟರಲ್ಲಿ ಹಿಂದೆ ಕೂಗು ಎದ್ದಿತು.

“ಲಿಂಗಸೂರ್ ಲಿಂಗಸೂರ್ ಲಿಂಗಸೂರ್!”

ಆಗತಾನೆ ಬಸ್ಸಿಳಿದ ನಾಲ್ಕೈದು ಜನ ಗಂಟು ಹಿಡಿದು ಅಲ್ಲೇ ನಿಂತರು. “ಇದು ಲಿಂಗಸೂರಲ್ಲೇನಬೇ?” ಎಂದು ಒಬ್ಬ ಮುದುಕ ಹೆಂಡತಿಯನ್ನು ಕೇಳಿದ. “ಹಂಗಾದ್ರ ನಾವು ಎಲ್ಲಿ ಇಳದ್ವಿ?” ಎಂದಳು ಆಕೆ, ಅಳುಮುಖ ಮಾಡಿ.

ಆ ಸ್ಟ್ಯಾಂಡಿನಲ್ಲಿ ಗಾಡಿಗೆ ಜನ ಕರೆಯುವವನು ಹಸನ್‌ಸಾಬ್. ಅವನು ಧಾವಿಸಿ ಬಂದು ಬೀರಲಿಂಗನ ಕೊರಳಪಟ್ಟಿ ಹಿಡಿದ.

“ಏ, ಯಾರಲೇ ನೀ? ಲಿಂಗಸೂರಾಗ ನಿಂತು ಲಿಂಗಸೂರಿಗೆ ಕರಿಯಾಕತ್ತಿ! ನಮ್ಮ ಧಂದೆದ ಚೇಷ್ಟಿ ಮಾಡ್ತಿ?”

ಬೀರಲಿಂಗ ಬಾಯಿ ತೆರೆದ. ಏನೋ ಹೇಳಬೇಕೆಂದು ಅವನ ಇಡೀ ಮುಖ ಒದ್ದಾಡಿತು.

“ಲಿಂಗಸೂರ್.”

“ನೋಡ್ರಿ, ಮತ್ತ ಅಂತಾನ!” ಹಸನ್‌ಸಾಬ್ ಎಳೆದಾಡಿದ. ಬಿಳಿ ಅಂಗಿಯ ಗುಂಡಿ ಹರಿದು ಬಿತ್ತು.

ಪಾರ್ವತೆಮ್ಮ ಅವನ ಕೈಗೆ ಜೋತುಬಿದ್ದಳು. “ಕೈ ತಗಿ ಯಣ್ಣಾ! ಲಕ್ವಾ ಹೊಡದ ಮನಿಷ್ಯಾ ಅದಾನ, ಮಾತು ಬರಂಗಿಲ್ಲ ಅವ್ನಿಗಿ!”

“ಮಾತು ಬರಂಗಿಲ್ಲ? ನನಗಿಂತ ಜೋರ್ ಕೂಗ್ತಾನಲ್ಲಬೇ ಯವ್ವಾ!”

ಆನಂದಕುಮಾರ ಜನರನ್ನು ಸರಿಸಿ ಒಳಗೆ ಬಂದ. “ಬಿಡ್ರಿ, ಅವ್ರು ನನ್ನ ಪೇಷೆಂಟು. ನಾ ಮಾತಿನ ಡಾಕ್ಟ್ರು. ಅದೊಂದಾ ಮಾತು ಉಳದೈತಿ ಅವ್ರಿಗೆ. ಒಂಬತ್ತು ತಿಂಗಳಿಂದ ಚಿಕಿತ್ಸಾ ನಡದೈತಿ.”

ಗುಂಪು ತಣ್ಣಗಾಯಿತು. ಆದರೆ ಹಿಂದಿನಿಂದ ಯಾವನೋ ಅಂದ: “ಒಂಬತ್ತು ತಿಂಗಳಾ? ಅಷ್ಟರಾಗ ಕೂಸರ ಹುಟ್ಟತೈತಲ್ರಿ ಡಾಕ್ಟ್ರ.”

ಎಲ್ಲರೂ ನಕ್ಕರು. ಆನಂದಕುಮಾರನೂ ನಗಲು ನೋಡಿದ, ಆಗಲಿಲ್ಲ.

ಹಸನ್‌ಸಾಬನ ಮುಖ ಬಾಡಿತ್ತು. ನೆಲದಿಂದ ಗುಂಡಿ ಹೆಕ್ಕಿ ಪಾರ್ವತೆಮ್ಮನ ಕೈಗೆ ಕೊಟ್ಟ. “ತಪ್ಪಾತು ಅಣ್ಣಾ. ನಾನೂ ಕೂಗಿ ಹೊಟ್ಟಿ ಹೊರಿಯಾಂವನಾ” ಎಂದು ಹೋಟೆಲಿನಿಂದ ಒಂದು ತಂಬಿಗೆ ನೀರು ತಂದ. ಬೀರಲಿಂಗ ಎಡಗೈಯಿಂದ ತಂಬಿಗೆ ಕಿತ್ತುಕೊಂಡು, ಎದೆಯ ಮೇಲೆ ಚೆಲ್ಲಿಕೊಳ್ಳುತ್ತ ತಳ ಕಾಣುವ ತನಕ ಕುಡಿದ. ಮತ್ತೊಂದು ತಂಬಿಗೆ ಕೊಟ್ಟರೆ ಅದನ್ನೂ ಕುಡಿದ.

ಬೆಳಿಗ್ಗೆಯಿಂದ ಅವನಿಗೆ ಯಾರೂ ನೀರು ಕೊಟ್ಟಿರಲಿಲ್ಲ. ಅವನು ಗಾಡಿಗೆ ಜನ ಕರೆದನೋ, ಇಷ್ಟು ಹೊತ್ತೂ ನೀರನ್ನೇ ಕೇಳಿದನೋ? ಹಸನ್‌ಸಾಬನಿಗೆ ತಿಳಿಯದಿದ್ದರೆ ತಪ್ಪಿಲ್ಲ. ಆನಂದಕುಮಾರನಿಗೂ ತಿಳಿದಿರಲಿಲ್ಲ. ಅವನು ಖಾಲಿ ತಂಬಿಗೆಯನ್ನು ಹೋಟೆಲಿಗೆ ಮರಳಿಸಿ ಬಂದ. ಇವತ್ತು ಆ ಮೇಡಮ್ ಕಾಲು ಹಿಡಿದಾದರೂ ಕೇಳಲೇಬೇಕು. ನಾನು ಈ ಮನುಷ್ಯನ ಒಂಬತ್ತು ತಿಂಗಳು ಹಾಳು ಮಾಡಿದೆನೇ, ಇಲ್ಲವೇ? ಅವರು ಇಷ್ಟು ಹೇಳಿದರೆ ಸಾಕು ಎಂದುಕೊಂಡ.

ಮಸ್ಕಿಗೆ ಹೊರಟ ಬಸ್ಸಿನ ಟೈರು ದಾರಿಯಲ್ಲಿ ಕೂತಿತು. ಇವರು ಮಸ್ಕಿ ಮುಟ್ಟಿದಾಗ ಐದು ಗಂಟೆ ದಾಟಿತ್ತು.

ಹಳೆ ದವಾಖಾನೆಯ ಹಿಂದೆ, ಅಂಗಳದಲ್ಲಿ, ಆರು ಕೆಂಪು ಕುರ್ಚಿಗಳು ಸಾಲಾಗಿ ಇದ್ದವು. ಮೂರನೆಯದರಲ್ಲಿ ನಾಗವೇಣಿ ಮೇಡಮ್ ಒಬ್ಬರೇ ಕೂತಿದ್ದರು. ಯಾರೂ ಬಾರದ ಮದುವೆಗೆ ಬಂದ ಹೆಣ್ಣಿನ ಕಡೆಯವರ ಹಾಗೆ ಕಾಣುತ್ತಿದ್ದರು. ಇವನನ್ನು ಕಂಡು ಕಣ್ಣು ಕಿರಿದು ಮಾಡಿದರು.

“ನೀವಾ? ಚೀಲ ಕಟ್ಟಿದವ್ರು?”

“ಹ್ಞೂಂ ರಿ ಮೇಡಮ್. ನಾನಾ ಆನಂದಕುಮಾರ” ಎಂದ ಅವನು, ಪೊಲೀಸರಿಗೆ ಒಪ್ಪಿಕೊಂಡಂತೆ.

“ಇವ್ರು?”

“ಬೀರಲಿಂಗ. ಪೇಷೆಂಟು.”

ಮೇಡಮ್ ಬೀರಲಿಂಗನನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದು ಆನಂದಕುಮಾರ ಕಾದ. ಅವರು ಬೈಯಲಿಲ್ಲ. “ಐದೂ ನಲವತ್ತಕ್ಕ ನನ್ನ ಬಸ್ಸು” ಎಂದು ಫೈಲು ಇಸಿದುಕೊಂಡರು. ಪುಟಗಳನ್ನು ಒಂದೊಂದಾಗಿ ತಿರುವಿದರು. ಒಂದು ಪುಟದಲ್ಲಿ ಕೂಗಿನ ರಾಗವನ್ನು ಏರಿಳಿತದ ಗೆರೆಗಳಲ್ಲಿ ಬರೆದಿದ್ದ. ಅಲ್ಲಿ ಬೆರಳಿಟ್ಟು ನಿಂತರು. ಬೀರಲಿಂಗನ ಎದುರು ಕೂತು ಅವನ ಎಡಗೈ ತಟ್ಟುತ್ತ ಆ ರಾಗವನ್ನು ಗುನುಗಿದರು. ಬೀರಲಿಂಗ ಅವರ ಜೊತೆ ಗುನುಗಿದ, ಬಾಯಿ ತೆರೆದ. “ಲಿಂಗಸೂರ್” ಎಂದು ಮೆಲ್ಲಗೆ, ಬಹಳ ಮೆಲ್ಲಗೆ ಅಂದ. ಮೇಡಮ್ ಅವನ ಕೈಯನ್ನು ಮೆಲ್ಲಗೆ ಅವನ ತೊಡೆಯ ಮೇಲಿಟ್ಟರು.

ಆಮೇಲೆ ಫಾರಂ ತೆಗೆದರು. ತಮ್ಮಷ್ಟಕ್ಕೆ ಓದಿಕೊಂಡರು: “ರೋಗಿಯ ಮಾತು ದಿನನಿತ್ಯದ ವ್ಯವಹಾರದಲ್ಲಿ ಪರಿಣಾಮ ಬೀರುತ್ತದೆಯೇ... ಹೌದು.”

“ಮೇಡಮ್, ಹೌದು ಅನಬ್ಯಾಡ್ರಿ!” ಆನಂದಕುಮಾರ ಗಾಬರಿಯಾದ. “ಅದು ಮಾತಲ್ರಿ, ರೂಢಿ. ಹಂಗ ಬರದ್ರ ಸುಳ್ಳಾಗ್ತೈತಿ.”

“ಗೊತ್ತದರಿ. ಇಪ್ಪತ್ತೆರಡು ವರ್ಷ ಇದನ್ನ ಮಾಡೀನಿ. ಆದ್ರ ನಾ ಗಾಡಿ ಹತ್ತಿದ್ನಲ್ರಿ? ಇದಕ್ಕಿಂತ ಪರಿಣಾಮ ಏನ್ ಬೇಕು? ಫಾರಂನಾಗ ಅಷ್ಟಾ ಕೇಳ್ಯಾರ.”

ಅವರು ಸರಸರ ಗುರುತು ಹಾಕುತ್ತ ಹೋದರು. ದಾಖಲೆ, ಹತ್ತಕ್ಕೆ ಹತ್ತು. ರೋಗಿಯ ಜೊತೆಗಿನ ನಡತೆ, ಹತ್ತಕ್ಕೆ ಹತ್ತು. ಊರಿಂದೂರಿಗೆ ರೋಗಿಯ ಬೆನ್ನು ಬಿಡದ ಶ್ರದ್ಧೆ, ಹತ್ತಕ್ಕೆ ಹತ್ತು. ಒಟ್ಟು ನೂರಕ್ಕೆ ತೊಂಬತ್ತೊಂದು. ಆನಂದಕುಮಾರ ಹತ್ತನೆಯ ಇಯತ್ತೆಯಲ್ಲೂ ಇಷ್ಟು ತೆಗೆದಿರಲಿಲ್ಲ. ಪಾರ್ವತೆಮ್ಮ ಅಂಕ ಕೇಳಿ ಗಂಡನ ಹಣೆಗೆ ಕೈಯಿಟ್ಟು ನೆಟಿಕೆ ಮುರಿದಳು.

ಮೇಡಮ್ ಫಾರಮ್ಮಿನ ಕೆಳಗೆ ಇನ್ನೇ‌ನೋ ಬರೆದರು. ಬರೆಯುವಾಗ ಒಂದು ಸಲ ಪೆನ್ನು ನಿಲ್ಲಿಸಿ ಯೋಚಿಸಿದರು. ಮೊಬೈಲಿನಲ್ಲಿ ಅದರ ಫೋಟೊ ತೆಗೆದು ಸಂಸ್ಥೆಗೆ ಕಳಿಸಿ, ಕಾಗದ ಮಡಚಿ ಆನಂದಕುಮಾರನ ಕೈಗಿತ್ತು ಎದ್ದರು.

“ಮೇಡಮ್, ಫಾರಂ ಇರ್ಲಿ” ಎಂದು ಅವನು ಹಿಂದೆ ಓಡಿದ. “ನೀವಾ ಹೇಳ್ರಿ. ನಾ ಇವ್ರಿಗೆ ಮಾಡಾಕತ್ತಿದ್ದು ಬರೋಬರಿ ಐತೇನ್ರಿ?”

ಬಸ್ಸು ಬಂದಿತ್ತು. ಅವರು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು. “ಈಗ ಟೈಮಿಲ್ರಿ. ಬಸ್ಸಿನ್ಯಾಗ ಕುಂತು ನಾನಾ ಫೋನ್ ಮಾಡ್ತೀನಿ. ಇದರ ಬಗ್ಗೆನಾ ಮಾತಾಡೂಣು.”

ಆನಂದಕುಮಾರ ಹಿಗ್ಗಿದ. ಮೂರು ವರ್ಷದಲ್ಲಿ ಮೊದಲ ಸಲ, ತನ್ನ ಕೆಲಸ ಬಲ್ಲವರೊಬ್ಬರು ತಾವಾಗಿ ಅವನಿಗೆ ಫೋನ್ ಮಾಡುವವರಿದ್ದರು. ಅಂಗಳಕ್ಕೆ ಬಂದು ಕೆಂಪು ಕುರ್ಚಿಯಲ್ಲಿ ಕೂತು ಕಾಗದ ಬಿಡಿಸಿದ.

ಅಂಕಗಳ ಕೆಳಗೆ ಸಣ್ಣ ಅಚ್ಚಿನಲ್ಲಿ ನಿಯಮವಿತ್ತು. ಎಂಬತ್ತೈದಕ್ಕಿಂತ ಹೆಚ್ಚು ಅಂಕ ಪಡೆದವರಿಗೆ ಬೆಂಬಲದ ಅಗತ್ಯವಿಲ್ಲ. ಅಂಥವರನ್ನು ಗೈಡ್ ಆಗಿ ನೇಮಿಸತಕ್ಕದ್ದು.

ಅವನು ಮತ್ತೆ ಓದಿದ. ಅದರ ಕೆಳಗೆ ಮೇಡಮ್ಮಿನ ಅಕ್ಷರಗಳು: ‘ನೇಮಿಸಲಾಗಿದೆ.’ ಅದರ ಕೆಳಗೆ, ‘ಇವರಿಂದ ಮಾರ್ಗದರ್ಶನ ಪಡೆಯುವವರು’ ಎಂಬ ಖಾಲಿ ಗೆರೆಯ ಮೇಲೆ ಒಂದೇ ಹೆಸರು.

ನಾಗವೇಣಿ, ರಾಯಚೂರು.

ಅವಸರದಲ್ಲಿ ಸಹಿಯನ್ನು ತಪ್ಪಿ ಆ ಗೆರೆಯ ಮೇಲೆ ಹಾಕಿರಬೇಕು ಎಂದುಕೊಂಡ. ಸಹಿ ಅದರ ಕೆಳಗೆ ಬೇರೆಯೇ ಇತ್ತು. ಅಷ್ಟರಲ್ಲಿ ಫೋನು ಬಂತು.

“ಆನಂದಕುಮಾರ ಸರ, ಪುರುಸೊತ್ತು ಅದರಿ?”

ಅಂಗಳದಲ್ಲಿ ಅಂಕ ಹಾಕಿದಾಗಿನ ದನಿಯಲ್ಲ ಅದು. ‘ಸರ’ ಎಂಬುದು ಯಾರಿಗೆಂದು ಅವನು ಒಮ್ಮೆ ಹಿಂದೆ ತಿರುಗಿ ನೋಡಿದ.

“ಹೇಳ್ರಿ ಮೇಡಮ್.”

“ಸಿಟ್ಟಾಗಬ್ಯಾಡ್ರಿ. ಹದಿನಾಲ್ಕು ಅರ್ಜಿ ಬಂದಿದ್ವು. ನಿಮ್ಮ ಬೀರಲಿಂಗನ ಫೈಲ್ ನೋಡಿನಾ ನಾ ಮಸ್ಕಿಗೆ ಬಂದಾಕಿ. ನನ್ನ ಹತ್ರನೂ ಹಂತಾವ್ರು ಒಬ್ರು ಅದಾರ. ಆಫೀಸಿನ್ಯಾಗ ಗುಮಾಸ್ತ ಆಗಿದ್ರು. ಲಕ್ವಾ ಹೊಡದು ಎಲ್ಲಾ ಮಾತು ಹೋಗಿ ಒಂದಾ ಉಳದದ, ‘ನಾಳಿ ಬರ್ರಿ’. ಅವ್ರು ನಾಳಿ ಬರ್ರಿ ಅಂತಾರ, ನಾ ಮರುದಿನ ಹೋಗ್ತೀನಿ. ಎರಡು ವರ್ಷ ಆತ್ರಿ.” ಬಸ್ಸಿನ ಸದ್ದಿನ ನಡುವೆ ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. “ದೊಡ್ಡಾಕಿ ಅಂತ ನನ್ನ ಎಲ್ಲಾರೂ ಕೇಳ್ತಾರ. ನಾ ಯಾರನ್ನ ಕೇಳ್ಲಿ? ರಾಗದ ಯೋಚನಿ ನನ್ನ ತಲಿಗೆ ಬಂದಿರ್ಲಿಲ್ಲ. ನೀವು ಗೈಡ್ ಆದ್ರ ಹಕ್ಕಿಲೆ ಕೇಳಬಹುದಂತ ಅಂಕ ಹಾಕಿದೆ. ಹೇಳ್ರಿ ಸರ, ನಾ ಮಾಡೋದು ಬರೋಬರಿ ಅದೇನು? ಮುಂದ ಏನ್ ಮಾಡ್ಲಿ?”

ಟೆಂಟ್ ಹೌಸಿನವನು ಬಂದು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ್ದ. ಐದು ಮುಗಿಸಿ, ಆರನೆಯದಕ್ಕಾಗಿ ಆನಂದಕುಮಾರನ ಮುಂದೆ ಬಂದು ನಿಂತ. ಆನಂದಕುಮಾರ ಎದ್ದ. ಗೋಡೆಗೊರಗಿ ಕೂತಿದ್ದ ಪಾರ್ವತೆಮ್ಮ ಮೇಡಮ್ ಏನೆನ್ನುತ್ತಾರೆಂದು ತಿಳಿಯಲು ಅವನ ಮುಖವನ್ನೇ ನೋಡುತ್ತಿದ್ದಳು.

“ಮೇಡಮ್,” ಎಂದ ಅವನು ಕೊನೆಗೆ, “ನನಗ ವಿಚಾರ ಮಾಡಾಕ ಸ್ವಲ್ಪ ಟೈಮ್ ಕೊಡ್ರಿ.”

“ಎಷ್ಟರ ತಗೋರಿ ಸರ” ಎಂದರು ನಾಗವೇಣಿ ಮೇಡಮ್. “ಆದ್ರ ನಾಳಿ ಅಂತ ಮಾತ್ರ ಅನಬ್ಯಾಡ್ರಿ.”